ನಾನೂರು ವರ್ಷದ ಹಾಡಿಗೆ ರಾಕ್ ಕಂಠ

ಪಾಪ್ ಸಂಗೀತದ ಲೋಕದಲ್ಲಿ ‘ಹಳೆಯ ಹಾಡು’ ಎಂದರೆ ಇಪ್ಪತ್ತೋ ಮೂವತ್ತೋ ವರ್ಷದ ಹಿಂದಿನದು. 2006ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ರಾಕ್ ಗಾಯಕ ಸ್ಟಿಂಗ್ ಹೊರತಂದ ಧ್ವನಿಮುದ್ರಿಕೆಯ ಹಾಡುಗಳಿಗಾದರೋ ನಾನೂರು ವರ್ಷ ತುಂಬಿತ್ತು. ಅದರಲ್ಲಿ ಡ್ರಮ್ ಇರಲಿಲ್ಲ, ಎಲೆಕ್ಟ್ರಿಕ್ ಗಿಟಾರ್ ಇರಲಿಲ್ಲ. ಲ್ಯೂಟ್ ಎಂಬ ಹಳೆಯ ತಂತಿವಾದ್ಯವೊಂದು ಮತ್ತು ಅರೆಬಿರುಕಿನ ಒಂದು ಕಂಠ, ಇಷ್ಟೇ. ‘ಸಾಂಗ್ಸ್ ಫ್ರಮ್ ದಿ ಲ್ಯಾಬಿರಿಂತ್’, ಅಂದರೆ ಚಕ್ರವ್ಯೂಹದ ಹಾಡುಗಳು ಎಂಬ ಹೆಸರಿನ ಈ ಮುದ್ರಿಕೆಯನ್ನು ಪ್ರಕಟಿಸಿದ್ದು ರಾಕ್ ಕಂಪನಿಯಲ್ಲ; ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೇ ಮೀಸಲೆನಿಸಿದ್ದ ಜರ್ಮನಿಯ ಡಾಯ್ಚ ಗ್ರಾಮೊಫೋನ್ ಸಂಸ್ಥೆ.

ಶಾಸ್ತ್ರೀಯ ಸಂಗೀತದ ಮಾರಾಟ ಪಟ್ಟಿಯಲ್ಲಿ ಅದು ಅಗ್ರಸ್ಥಾನಕ್ಕೇರಿತು. ಜೊತೆಗೇ ಜಗಳವೂ ಶುರುವಾಯಿತು. ತರಬೇತಿಯಿಲ್ಲದ ಗಂಟಲಿಗೆ ಈ ಹಾಡುಗಳೇಕೆ ಎಂದು ಕೆಲವು ವಿಮರ್ಶಕರು ಕೇಳಿದರು. ಗಾಜಿನ ಕಪಾಟಿನಲ್ಲಿದ್ದ ಹಾಡಿಗೆ ಕೊನೆಗೂ ಉಸಿರು ಬಂತು ಎಂದು ಇನ್ನು ಕೆಲವರು ಹೇಳಿದರು. ಯಾರು ಸರಿ ಎಂಬುದನ್ನು ತೂಗಬೇಕಾದರೆ ಆ ಹಾಡುಗಳನ್ನು ಕಟ್ಟಿದವನ ಬದುಕಿನತ್ತ ಒಮ್ಮೆ ಹೋಗಿಬರಬೇಕು.

ಆತನ ಹೆಸರು ಜಾನ್ ಡೌಲಂಡ್. ಷೇಕ್ಸ್‌ಪಿಯರನಿಗಿಂತ ಒಂದು ವರ್ಷಕ್ಕೆ ದೊಡ್ಡವನು, 1563ರಲ್ಲಿ ಹುಟ್ಟಿದನೆಂದು ಲೆಕ್ಕ. 1580ರಲ್ಲಿ, ಇನ್ನೂ ಹದಿಹರೆಯದಲ್ಲೇ, ಫ್ರಾನ್ಸಿನಲ್ಲಿದ್ದ ಇಂಗ್ಲೆಂಡಿನ ರಾಯಭಾರಿಯ ಸೇವಕನಾಗಿ ಪ್ಯಾರಿಸ್ಸಿಗೆ ಹೋದ. ಅಲ್ಲಿ ಕ್ಯಾಥೊಲಿಕ್ ಮತಕ್ಕೆ ಸೇರಿಕೊಂಡ. ಇಂದು ಕೇಳಿದರೆ ಇದೇನು ಮಹಾ ಎನ್ನಿಸಬಹುದು. ಆದರೆ ರಾಣಿ ಒಂದನೇ ಎಲಿಜಬೆತ್ ಆಳುತ್ತಿದ್ದ ಆ ಇಂಗ್ಲೆಂಡಿನಲ್ಲಿ ಅದು ಬೆಂಕಿಯ ಜೊತೆ ಆಟ. 1570ರಲ್ಲಿ ಪೋಪ್ ಆಕೆಯನ್ನು ಬಹಿಷ್ಕರಿಸಿದ್ದರು. 1588ರಲ್ಲಿ ಕ್ಯಾಥೊಲಿಕ್ ಸ್ಪೇನಿನ ನೌಕಾಪಡೆ ಇಂಗ್ಲೆಂಡಿನ ಮೇಲೇರಿ ಬಂದಿತ್ತು. ಕ್ಯಾಥೊಲಿಕ್ ಎಂದರೆ ಒಳಗಿನ ಶತ್ರುವಿರಬಹುದು ಎಂಬ ಶಂಕೆ ಆಗ ಸರ್ಕಾರದ ನರನಾಡಿಗಳಲ್ಲಿ ಹರಿಯುತ್ತಿತ್ತು.

ಸ್ಪೇನಿನ ನೌಕಾಪಡೆ ಬಂದ ಆ ವರ್ಷವೇ ಡೌಲಂಡ್ ಆಕ್ಸ್‌ಫರ್ಡಿನಿಂದ ಸಂಗೀತದ ಪದವಿ ಪಡೆದ. ಲ್ಯೂಟ್ ವಾದನದಲ್ಲಿ ಅವನ ಹೆಸರು ಹಬ್ಬಿತ್ತು. 1594ರಲ್ಲಿ ಆಸ್ಥಾನದ ಲ್ಯೂಟ್ ವಾದಕ ಜಾನ್ ಜಾನ್ಸನ್ ತೀರಿಕೊಂಡಾಗ ಆ ಜಾಗ ತನ್ನದೇ ಎಂದುಕೊಂಡ. ಸಿಗಲಿಲ್ಲ. ತನ್ನ ಧರ್ಮವೇ ಅಡ್ಡಬಂತು ಎಂದು ಆತ ಕೊನೆಯತನಕ ನಂಬಿದ. ಆದರೆ ಆ ಹುದ್ದೆಯನ್ನು ರಾಣಿ ಆಗ ಯಾರಿಗೂ ಕೊಡಲಿಲ್ಲ. ಕ್ಯಾಥೊಲಿಕ್ ಎಂದು ಎಲ್ಲರಿಗೂ ಗೊತ್ತಿದ್ದ ವಿಲಿಯಂ ಬರ್ಡ್ ಆಕೆಯ ಪ್ರಾರ್ಥನಾ ಮಂದಿರದಲ್ಲೇ ಸಂಗೀತಗಾರನಾಗಿದ್ದ. ಹೀಗಾಗಿ ಖರ್ಚು ಉಳಿಸುವ ಯೋಚನೆಯೂ ಇದರ ಹಿಂದೆ ಇದ್ದಿರಬಹುದು. ಕಾರಣ ಏನೇ ಇರಲಿ, ಆ ನಿರಾಶೆ ಡೌಲಂಡನನ್ನು ದೇಶ ಬಿಡಿಸಿತು.

ಜರ್ಮನಿಯಲ್ಲಿ ಬ್ರನ್ಸ್‌ವಿಕ್ಕಿನ ಡ್ಯೂಕ್, ಹೆಸ್ಸೆಯ ಪ್ರಭು ಇಬ್ಬರೂ ಅವನನ್ನು ಆದರಿಸಿದರು. ಅಲ್ಲಿಂದ ಮುಂದೆ ಇಟಲಿಗೆ ನಡೆದ. ರೋಮಿಗೆ ಹೋಗಿ ಲೂಕಾ ಮರೆಂತ್ಸಿಯೊ ಎಂಬ ಹೆಸರಾಂತ ಸಂಗೀತಕಾರನ ಬಳಿ ಕಲಿಯುವುದು ಅವನ ಆಸೆಯಾಗಿತ್ತು. ಫ್ಲಾರೆನ್ಸಿನಲ್ಲಿ ಕಥೆ ಬೇರೆ ತಿರುವು ತೆಗೆದುಕೊಂಡಿತು. ಊರು ಬಿಟ್ಟು ಅಲ್ಲಿ ನೆಲೆಸಿದ್ದ ಇಂಗ್ಲಿಷ್ ಕ್ಯಾಥೊಲಿಕರು ಅವನನ್ನು ಸುತ್ತುವರಿದರು. ಪೋಪ್‌ರಿಂದ ಒಳ್ಳೆಯ ವೇತನ ಕೊಡಿಸುವ ಮಾತೂ ಬಂತು. ಇವರು ರಾಣಿಯ ವಿರುದ್ಧ ಸಂಚು ಹೂಡುತ್ತಿರುವ ಮಂದಿ ಎಂಬುದು ಡೌಲಂಡನಿಗೆ ಹೊಳೆದದ್ದು ಆಗ. ಹೆಂಡತಿ ಮಕ್ಕಳು ಇಂಗ್ಲೆಂಡಿನಲ್ಲಿದ್ದರು. ತಾನು ಯಾರ ಜೊತೆ ಕುಳಿತಿದ್ದೆ ಎಂಬುದು ಲಂಡನ್ನಿಗೆ ತಿಳಿದರೆ ಆಗುವುದೇನು?

ರೋಮಿನ ಆಸೆ ಬಿಟ್ಟು ಆತ ಹಿಂದಕ್ಕೆ ಓಡಿದ. 1595ರ ನವೆಂಬರ್ 10ರಂದು ನ್ಯೂರೆಂಬರ್ಗಿನಿಂದ ರಾಣಿಯ ಪ್ರಬಲ ಮಂತ್ರಿ ಸರ್ ರಾಬರ್ಟ್ ಸೆಸಿಲನಿಗೆ ಉದ್ದವಾದ ಪತ್ರ ಬರೆದ. ಅದು ಒಂದು ವಿಚಿತ್ರ ಪತ್ರ. ಅರ್ಧ ತಪ್ಪೊಪ್ಪಿಗೆ, ಅರ್ಧ ಚಾಡಿ, ನಡುನಡುವೆ ಅಳು. ಪ್ಯಾರಿಸ್ಸಿನಲ್ಲಿ ಮತ ಬದಲಿಸಿದ್ದು, ಕೆಲಸ ಸಿಗದೇ ಹೋದದ್ದು, ಫ್ಲಾರೆನ್ಸಿನಲ್ಲಿ ಕಂಡವರ ಹೆಸರುಗಳು, ಕೇಳಿದ ಮಾತುಗಳು ಎಲ್ಲವನ್ನೂ ಅದರಲ್ಲಿ ಸುರಿದಿದ್ದಾನೆ. ಬಡತನದಿಂದಾಗಿ ತನ್ನ ದೇಶದ, ಹೆಂಡಿರು ಮಕ್ಕಳ ವೈರಿಯ ಸೇವೆಗೆ ನಿಲ್ಲಬೇಕಾಯಿತೇ ಎಂದು ಬಿಕ್ಕಿ ಅತ್ತೆ ಎಂದು ಹೇಳಿಕೊಂಡಿದ್ದಾನೆ. ತಾನು ರಾಜದ್ರೋಹಿಯಲ್ಲ ಎಂದು ಅಂಗಲಾಚಿದ್ದಾನೆ. ಸಂಗೀತದ ಇತಿಹಾಸದಲ್ಲಿ ಇಂಥ ಭಯದ ದಾಖಲೆ ಅಪರೂಪ. ಸ್ಟಿಂಗ್ ಮಾಡಿದ ಜಾಣತನವೆಂದರೆ ಈ ಪತ್ರದ ತುಣುಕುಗಳನ್ನು ಹಾಡುಗಳ ನಡುವೆ ತಗ್ಗಿದ ದನಿಯಲ್ಲಿ ತಾನೇ ಓದಿ ಸೇರಿಸಿದ್ದು. ಮಧುರ ಹಾಡೊಂದು ಮುಗಿದ ಮರುಕ್ಷಣವೇ ಬೆನ್ನಟ್ಟಿಸಿಕೊಂಡ ಮನುಷ್ಯನೊಬ್ಬನ ಮಾತು ಕಿವಿಗೆ ಬೀಳುತ್ತದೆ. ಅಷ್ಟಾದ ಮೇಲೆ ಕೇಳುವ ಮುಂದಿನ ಹಾಡು ಬರೀ ಪ್ರೇಮಗೀತೆಯಾಗಿ ಉಳಿಯುವುದಿಲ್ಲ.

ಡೌಲಂಡ್ ಊರಿಗೆ ಮರಳಿ 1597ರಲ್ಲಿ ತನ್ನ ಮೊದಲ ಹಾಡಿನ ಪುಸ್ತಕವನ್ನು ಅಚ್ಚು ಹಾಕಿಸಿದ. ಹೊತ್ತು ಸರಿಯಾಗಿತ್ತು. ಇಂಗ್ಲೆಂಡಿನಲ್ಲಿ ಸಂಗೀತ ಮುದ್ರಿಸುವ ಏಕಸ್ವಾಮ್ಯದ ಹಕ್ಕನ್ನು ರಾಣಿ 1575ರಲ್ಲಿ ಥಾಮಸ್ ಟ್ಯಾಲಿಸ್ ಮತ್ತು ಬರ್ಡ್ ಅವರಿಗೆ ಕೊಟ್ಟಿದ್ದಳು. ಆ ಅವಧಿ 1596ಕ್ಕೆ ಮುಗಿದಿತ್ತು. 21 ಹಾಡುಗಳ ಈ ಪುಸ್ತಕ 1613ರೊಳಗೆ ಮತ್ತೆ ನಾಲ್ಕು ಬಾರಿ ಅಚ್ಚಾಯಿತು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ.

ಈ ಪುಸ್ತಕದ ಪುಟಗಳನ್ನು ಜೋಡಿಸಿದ ಬಗೆಯನ್ನು ನೋಡಬೇಕು. ಪುಸ್ತಕವನ್ನು ಮೇಜಿನ ಮೇಲೆ ಬಿಡಿಸಿಟ್ಟರೆ ಎಡಪುಟದಲ್ಲಿ ಮುಖ್ಯ ಗಾಯನ, ಅದರ ಕೆಳಗೆ ಲ್ಯೂಟಿನ ಲಿಪಿ. ಬಲಪುಟದಲ್ಲಿ ಉಳಿದ ಮೂರು ಕಂಠಗಳ ಪಾಠ. ಒಂದು ಈ ಕಡೆ ಮುಖಮಾಡಿದರೆ ಇನ್ನೊಂದು ಆ ಕಡೆ, ಮತ್ತೊಂದು ತಲೆಕೆಳಗು. ಅಚ್ಚಿನ ತಪ್ಪು ಎಂದುಕೊಳ್ಳಬೇಡಿ. ಮೇಜಿನ ಸುತ್ತ ನಾಲ್ಕು ಜನ ಕೂತು ಒಂದೇ ಪುಸ್ತಕ ನೋಡಿ ಹಾಡಲಿ ಎಂಬ ಏರ್ಪಾಡು ಅದು. ಒಬ್ಬನೇ ಇದ್ದರೆ ಲ್ಯೂಟ್ ಹಿಡಿದು ಒಬ್ಬನೇ ಹಾಡಬಹುದು. ನೆಂಟರು ಬಂದರೆ ಎಲ್ಲರೂ ಸೇರಬಹುದು. ಸಭಾಂಗಣಕ್ಕೂ ಟಿಕೆಟ್ಟಿಗೂ ಇಲ್ಲಿ ಸಂಬಂಧವೇ ಇಲ್ಲ. ಊಟ ಮುಗಿದ ಮೇಲೆ ಮನೆಯ ಮೇಜಿನ ಸುತ್ತ ಹಾಡುವ ಹಾಡು ಇದು. ಸ್ಟಿಂಗ್ ಕುರಿತ ಜಗಳದಲ್ಲಿ ಈ ಒಂದು ಸಂಗತಿಯನ್ನು ಬಹಳ ಮಂದಿ ಮರೆತಿದ್ದರು.

ಲ್ಯೂಟ್ ಹುಟ್ಟಿನಿಂದ ಯೂರೋಪಿನದಲ್ಲ. ಅರಬರ ‘ಅಲ್ ಊದ್’ ಎಂಬ ವಾದ್ಯ ಸ್ಪೇನಿನ ಮೂಲಕ ಯೂರೋಪಿಗೆ ಬಂದು, ಹೆಸರೂ ರೂಪವೂ ಬದಲಾಗಿ ಲ್ಯೂಟ್ ಆಯಿತು. ಊದ್ ಎಂದರೆ ಮರ. ತೆಳುವಾದ ಮರದ ಪಟ್ಟಿಗಳನ್ನು ಬಾಗಿಸಿ ಅಂಟಿಸಿದ ಹೊಟ್ಟೆ, ಹಿಂದಕ್ಕೆ ಮುರಿದಂತಿರುವ ತಲೆ, ಪ್ರಾಣಿಗಳ ಕರುಳಿನಿಂದ ಮಾಡಿದ ಜೋಡಿ ತಂತಿಗಳು. ಮೆಟ್ಟಿಲುಗಳೂ ಕರುಳಿನ ದಾರದವೇ. ಕತ್ತಿನ ಸುತ್ತ ಗಂಟು ಹಾಕಿರುತ್ತಾರೆ. ವೀಣೆಯ ಮೆಟ್ಟಿಲನ್ನು ಮೇಣದಲ್ಲಿ ಕೂರಿಸುವುದನ್ನು ಕಂಡವರಿಗೆ ಈ ನಾಜೂಕು ಅರ್ಥವಾದೀತು. ವಾದ್ಯಗಳನ್ನು ವರ್ಗೀಕರಿಸುವ ವಿದ್ವಾಂಸರು ನಮ್ಮ ಸರಸ್ವತಿ ವೀಣೆಯನ್ನೂ ಲ್ಯೂಟ್ ಜಾತಿಗೇ ಸೇರಿಸುತ್ತಾರೆ. ಲ್ಯೂಟಿನ ನಾದ ತೀರಾ ಮೆಲ್ಲನೆಯದು. ಹತ್ತಿರ ಕೂತವನಿಗೆ ಹೇಳುವ ಗುಟ್ಟಿನಂತೆ. ಸಂಗೀತ ಮನೆಯಿಂದ ದೊಡ್ಡ ಸಭಾಂಗಣಕ್ಕೆ ಹೋದಾಗ ಈ ವಾದ್ಯ ಹಿಂದೆ ಬಿದ್ದದ್ದು ಸಹಜ. ಹದಿನೆಂಟನೆಯ ಶತಮಾನದ ಕೊನೆಗೆ ಅದು ಬಹುಮಟ್ಟಿಗೆ ಬಳಕೆ ತಪ್ಪಿತು.

ಡೌಲಂಡನಿಗೆ ಹಣ ತಂದುಕೊಟ್ಟದ್ದು ಇಂಗ್ಲೆಂಡ್ ಅಲ್ಲ, ಡೆನ್ಮಾರ್ಕ್. 1598ರಲ್ಲಿ ಅಲ್ಲಿನ ದೊರೆ ನಾಲ್ಕನೇ ಕ್ರಿಶ್ಚಿಯನ್ ಅವನಿಗೆ ವರ್ಷಕ್ಕೆ 500 ಡಾಲರ್ ಎಂಬ ಡ್ಯಾನಿಶ್ ನಾಣ್ಯಗಳ ಸಂಬಳ ಗೊತ್ತುಮಾಡಿದ. ಆಸ್ಥಾನದ ದೊಡ್ಡ ಅಧಿಕಾರಿಗಳಿಗೆ ಸಿಗುತ್ತಿದ್ದ ಮಟ್ಟದ ಸಂಬಳ ಇದು. 1600ರ ಎರಡನೆಯ ಹಾಡಿನ ಪುಸ್ತಕದ ಮುನ್ನುಡಿಯನ್ನು ಡೌಲಂಡ್ ಬರೆದು ಕಳಿಸಿದ್ದು ಎಲ್ಸಿನೋರಿನಿಂದ. ಹೌದು, ಹ್ಯಾಮ್ಲೆಟ್ ನಾಟಕ ನಡೆಯುವ ಅದೇ ಎಲ್ಸಿನೋರ್. ಷೇಕ್ಸ್‌ಪಿಯರ್ ಆ ನಾಟಕ ಬರೆದದ್ದೂ ಸುಮಾರು ಅದೇ ಹೊತ್ತಿಗೆ.

ಹಸ್ತಪ್ರತಿ ಲಂಡನ್ನಿನಲ್ಲಿದ್ದ ಹೆಂಡತಿಯ ಕೈಸೇರಿತು. ಆಕೆ ಅದನ್ನು ಜಾರ್ಜ್ ಈಸ್ಟ್‌ಲಂಡ್ ಎಂಬ ಪ್ರಕಾಶಕನಿಗೆ 20 ಪೌಂಡಿಗೆ ಮಾರಿದಳು. ಕೃತಿ ಅರ್ಪಿಸಿಕೊಂಡ ಶ್ರೀಮಂತೆ ಕೊಡುವ ಬಹುಮಾನದಲ್ಲಿ ಅರ್ಧಪಾಲು ಬೇರೆ ಎಂದು ಒಪ್ಪಂದ. ಸಾವಿರ ಪ್ರತಿ ಅಚ್ಚಾಗಬೇಕಿತ್ತು. ಅಚ್ಚುಕೂಟದ ಹುಡುಗರು ಗುಟ್ಟಾಗಿ ಹೆಚ್ಚಿನ ಪ್ರತಿ ತೆಗೆದು ಮಾರಿಕೊಂಡರು, ಪ್ರಕಾಶಕನೂ ಮುದ್ರಕನೂ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ನಕಲಿ ಕ್ಯಾಸೆಟ್ಟಿನ ಹಾವಳಿ ನಮ್ಮ ಕಾಲದ್ದು ಎಂದು ತಿಳಿದವರು ಇದನ್ನು ಗಮನಿಸಬೇಕು. ಈ ಮೊಕದ್ದಮೆಯ ಕಾಗದಗಳು ಉಳಿದಿದ್ದರಿಂದಲೇ ಅಂದಿನ ಹಾಡಿನ ಪುಸ್ತಕದ ವ್ಯಾಪಾರದ ಲೆಕ್ಕ ಇಂದು ನಮಗೆ ಸಿಕ್ಕಿದೆ.

ಎರಡನೆಯ ಪುಸ್ತಕದಲ್ಲಿರುವ ಒಂದು ಹಾಡು ಡೌಲಂಡನನ್ನು ಯೂರೋಪಿನಾದ್ಯಂತ ಮನೆಮಾತು ಮಾಡಿತು. ಕಣ್ಣೀರನ್ನು ಕುರಿತ ಹಾಡು ಅದು. ಮೊದಲು ‘ಲ್ಯಾಕ್ರಿಮೆ’ ಎಂಬ ಹೆಸರಿನಲ್ಲಿ ಬರೀ ಲ್ಯೂಟಿಗೆಂದು ಬರೆದ ನಿಧಾನಗತಿಯ ನೃತ್ಯಸಂಗೀತವಾಗಿತ್ತು. ಮಾತು ಆಮೇಲೆ ಕೂಡಿಕೊಂಡಿತು. ಆರಂಭದಲ್ಲೇ ನಾಲ್ಕು ಸ್ವರಗಳು ಒಂದೊಂದಾಗಿ ಕೆಳಗಿಳಿಯುತ್ತವೆ, ಕೆನ್ನೆಯ ಮೇಲೆ ಹನಿ ಜಾರಿದಂತೆ. ಸುಮಾರು ನೂರು ಹಸ್ತಪ್ರತಿ ಮತ್ತು ಮುದ್ರಿತ ಪುಸ್ತಕಗಳಲ್ಲಿ ಈ ಧಾಟಿ ಒಂದಲ್ಲ ಒಂದು ರೂಪದಲ್ಲಿ ಸಿಗುತ್ತದೆ. ಬರ್ಡ್ ಅದನ್ನು ಕೀಲಿಮಣೆಗೆ ಹೊಂದಿಸಿದ, ನೆದರ್‌ಲೆಂಡ್ಸಿನ ಸ್ವೀಲಿಂಕ್ ಹೊಂದಿಸಿದ. ಡೌಲಂಡ್ ತಾನೇ ತನ್ನ ಸಹಿಯ ಜೊತೆಗೆ ‘ಲ್ಯಾಕ್ರಿಮೆ’ ಎಂದು ಸೇರಿಸಿ ಬರೆದದ್ದುಂಟು. ಸದಾ ದುಃಖಿ ಎಂಬ ಅರ್ಥ ಬರುವಂತೆ ತನ್ನ ಹೆಸರಿನ ಮೇಲೇ ಲ್ಯಾಟಿನಿನಲ್ಲಿ ಶ್ಲೇಷೆ ಮಾಡಿ ಇನ್ನೊಂದು ಕೃತಿಗೆ ಹೆಸರಿಟ್ಟ. ಆ ಕಾಲದ ಇಂಗ್ಲೆಂಡಿನಲ್ಲಿ ವಿಷಾದವೆಂಬುದು ಒಂದು ಬಗೆಯ ಶೋಕಿಯೂ ಆಗಿತ್ತು, ನಿಜ. ನ್ಯೂರೆಂಬರ್ಗಿನ ಪತ್ರವನ್ನು ಓದಿದವರಿಗೆ ಮಾತ್ರ ಡೌಲಂಡನದು ಬರೀ ಶೋಕಿ ಎನ್ನಲು ನಾಲಿಗೆ ಬಾರದು.

ಹಾಡುಗಳ ಒಳಗೆ ರಾಜಕೀಯವೂ ನುಸುಳಿತ್ತು. ಮೊದಲ ಪುಸ್ತಕದ ‘ಕ್ಯಾನ್ ಶಿ ಎಕ್ಸ್‌ಕ್ಯೂಸ್’ ಎಂಬ ಹಾಡಿನ ಧಾಟಿ 1604ರಲ್ಲಿ ‘ಎಸೆಕ್ಸ್ ಅರ್ಲ್‌ನ ಗ್ಯಾಲಿಯರ್ಡ್’ ಎಂಬ ಹೆಸರಿನಲ್ಲಿ ಮತ್ತೆ ಅಚ್ಚಾಯಿತು. ಎಸೆಕ್ಸ್ ಅರ್ಲ್ ಎಂದರೆ ರಾಣಿಯ ಅಚ್ಚುಮೆಚ್ಚಿನವನಾಗಿದ್ದು, ಆಮೇಲೆ ದಂಗೆಯೆದ್ದು 1601ರಲ್ಲಿ ತಲೆ ಕೊಟ್ಟವನು. ರಾಣಿ 1603ರಲ್ಲಿ ತೀರಿಕೊಂಡಳು. ಇಬ್ಬರೂ ಕಣ್ಮರೆಯಾದ ಮೇಲಷ್ಟೇ ಆ ಹೆಸರು ಅಚ್ಚಿನಲ್ಲಿ ಕಾಣಿಸಿಕೊಂಡಿತು. ಮುನಿದ ಪ್ರೇಯಸಿಯನ್ನು ಕುರಿತು ಹಾಡಿದಂತೆ ಕಂಡರೂ ಹಾಡಿನ ‘ಆಕೆ’ ರಾಣಿಯೇ ಇರಬೇಕೆಂದು ಹಲವು ವಿದ್ವಾಂಸರು ಊಹಿಸುವುದು ಇದಕ್ಕೇ. ಸ್ಟಿಂಗ್ ಈ ಹಾಡನ್ನು ಆಯ್ದುಕೊಂಡಿದ್ದಾನೆ.

ಡೆನ್ಮಾರ್ಕಿನ ನೌಕರಿ 1606ರಲ್ಲಿ ಹೋಯಿತು. ರಜೆ ಮೀರಿ ಊರಿನಲ್ಲಿ ಉಳಿದದ್ದು, ಸಾಲ, ಮುಂಗಡ ಸಂಬಳ ಎಲ್ಲವೂ ಸೇರಿ ಸಂಬಂಧ ಹಳಸಿತ್ತು. ಇಂಗ್ಲೆಂಡಿನ ಆಸ್ಥಾನದಲ್ಲಿ ಆತ ಬಯಸಿದ ಜಾಗ ಸಿಕ್ಕಿದ್ದು 1612ರಲ್ಲಿ, ಮೊದಲ ಸಲ ಕೇಳಿದ ಹದಿನೆಂಟು ವರ್ಷಗಳ ನಂತರ. ಅಷ್ಟರಲ್ಲಿ ದೊಡ್ಡ ಹಾಡುಗಳೆಲ್ಲ ಬರೆದಾಗಿತ್ತು. 1626ರ ಫೆಬ್ರವರಿಯಲ್ಲಿ ಅವನನ್ನು ಲಂಡನ್ನಿನ ಬ್ಲ್ಯಾಕ್‌ಫ್ರಯರ್ಸಿನ ಸೇಂಟ್ ಆನ್ ಚರ್ಚಿನಲ್ಲಿ ಮಣ್ಣುಮಾಡಿದರು. 1666ರ ಮಹಾ ಬೆಂಕಿಯಲ್ಲಿ ಆ ಚರ್ಚೂ ಸುಟ್ಟುಹೋಯಿತು. ಅದನ್ನು ಮತ್ತೆ ಕಟ್ಟಲಿಲ್ಲ.

ಹೀಗೆ ಮರೆಯಾದ ಸಂಗೀತ ಮರಳಿ ಬಂದ ಬಗೆ ಇನ್ನೊಂದು ಸ್ವಾರಸ್ಯದ ಕಥೆ. ಫ್ರಾನ್ಸಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಆರ್ನಲ್ಡ್ ಡಾಲ್ಮೆಚ್ 1893ರಲ್ಲಿ ತನ್ನ ಕೈಯಾರೆ ಒಂದು ಲ್ಯೂಟ್ ಮಾಡಿದ. 1920ರಿಂದ ಫೆಲೋಸ್ ಎಂಬ ಪಾದ್ರಿ ಹಳೆಯ ಹಾಡಿನ ಪುಸ್ತಕಗಳನ್ನು ಸಂಪಾದಿಸಿ ಅಚ್ಚು ಹಾಕಿಸತೊಡಗಿದ. ಡಾಲ್ಮೆಚ್‌ನ ಶಿಷ್ಯೆ ಡಯಾನಾ ಪೌಲ್ಟನ್ ಲ್ಯೂಟ್ ಕಲಿತು ನುಡಿಸಿದ್ದಲ್ಲದೆ 1972ರಲ್ಲಿ ಡೌಲಂಡನ ಮೇಲೆ ಇಂದಿಗೂ ಆಧಾರವೆನಿಸಿದ ಗ್ರಂಥ ಬರೆದಳು. ಎರಡನೆಯ ಮಹಾಯುದ್ಧದ ನಂತರ ಈ ಹಾಡುಗಳನ್ನು ರೇಡಿಯೋ ಮತ್ತು ರೆಕಾರ್ಡಿನ ಮೂಲಕ ಸಾಮಾನ್ಯ ಕೇಳುಗನಿಗೆ ಮುಟ್ಟಿಸಿದವನು ಆಲ್ಫ್ರೆಡ್ ಡೆಲರ್. ಗಂಡಸಾದರೂ ಹೆಂಗಸಿನ ಎತ್ತರದ ಸ್ಥಾಯಿಯಲ್ಲಿ ಹಾಡುತ್ತಿದ್ದ ಆತನ ಕಂಠವನ್ನು ಕೇಳಿ ಮೊದಮೊದಲು ಜನ ಹುಬ್ಬೇರಿಸಿದ್ದರು. ಕ್ರಮೇಣ ಅದೇ ಕಂಠ ಲ್ಯೂಟ್ ಹಾಡಿನ ‘ಅಸಲಿ’ ಕಂಠ ಎಂಬ ಭಾವನೆ ಬೇರೂರಿತು. ಡೌಲಂಡನ ಪುಸ್ತಕಗಳು ಇಂಥ ಕಂಠವೇ ಬೇಕೆಂದು ಎಲ್ಲೂ ಕೇಳುವುದಿಲ್ಲ.

ಗಿಟಾರ್ ವಾದಕ ಜೂಲಿಯನ್ ಬ್ರೀಮ್ ಕಥೆಯೂ ಹಾಗೆಯೇ. ಒಪೆರಾ ಗಾಯಕ ಪೀಟರ್ ಪಿಯರ್ಸ್ ಹಾಡಿದರೆ ಬ್ರೀಮ್ ಲ್ಯೂಟ್ ನುಡಿಸುತ್ತಿದ್ದ. ಅವರ ರೆಕಾರ್ಡುಗಳು ಒಂದು ತಲೆಮಾರಿಗೆ ಡೌಲಂಡನನ್ನು ಪರಿಚಯಿಸಿದವು. ಆದರೆ ಬ್ರೀಮ್‌ನ ಲ್ಯೂಟಿಗೆ ಕರುಳಿನ ದಾರದ ಬದಲು ಲೋಹದ ಮೆಟ್ಟಿಲು. ಬೆರಳಿನ ವರಸೆಯೂ ಗಿಟಾರಿನದು. ಮುಂದೆ ಬಂದ ಮಡಿವಂತ ಲ್ಯೂಟ್ ವಾದಕರು ಅದು ಲ್ಯೂಟೇ ಅಲ್ಲ ಎಂದರು. 1980ರ ದಶಕದ ಮೊದಲಲ್ಲಿ, ನಟ ಜಾನ್ ಬರ್ಡ್ ಡೌಲಂಡನ ಹೆಸರು ಹೇಳಿದಾಗ, ಸ್ಟಿಂಗ್ ಅಂಗಡಿಗೆ ಹೋಗಿ ಕೊಂಡದ್ದು ಪಿಯರ್ಸ್ ಮತ್ತು ಬ್ರೀಮ್‌ರ ಈ ರೆಕಾರ್ಡನ್ನೇ.

ಆಗ ಆತ ‘ದಿ ಪೊಲೀಸ್’ ತಂಡದ ಗಾಯಕ. ಹುಟ್ಟು ಹೆಸರು ಗಾರ್ಡನ್ ಸಮ್ನರ್, 1951ರಲ್ಲಿ ಜನನ, ಉತ್ತರ ಇಂಗ್ಲೆಂಡಿನ ಹಡಗು ಕಟ್ಟುವ ಊರು ವಾಲ್ಸೆಂಡ್‌ನವನು. ಬೆಳೆದದ್ದು ಕ್ಯಾಥೊಲಿಕ್ ಮನೆಯಲ್ಲಿ. ರೆಕಾರ್ಡ್ ಹಿಡಿಸಿದರೂ ಹಾಡುವ ಧೈರ್ಯ ಬರಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಪಿಯಾನೋ ವಾದಕಿ ಕಾತ್ಯಾ ಲಬೆಕ್ ಆತನಿಗೆ ಡೌಲಂಡನ ಹಾಡುಗಳನ್ನು ಹಾಡುವಂತೆ ಹುರಿದುಂಬಿಸಿದಳು. ಬಹುಕಾಲದ ಗಿಟಾರ್ ಸಂಗಾತಿ ಡೊಮಿನಿಕ್ ಮಿಲ್ಲರ್ ಒಂದು ಲ್ಯೂಟನ್ನೇ ಮಾಡಿಸಿ ಉಡುಗೊರೆ ಕೊಟ್ಟ. ಅದರ ಹೊಟ್ಟೆಯ ಮೇಲಿನ ರಂಧ್ರದಲ್ಲಿ ಕೆತ್ತಿದ್ದದ್ದು ಫ್ರಾನ್ಸಿನ ಶಾರ್ತ್ರ ಚರ್ಚಿನ ನೆಲದ ಮೇಲಿರುವಂಥ ಸುರುಳಿ ದಾರಿಯ ಚಿತ್ರ. ಮುದ್ರಿಕೆಯ ಹೆಸರಿನ ಮೂಲ ಅದು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆಯಲ್ಲಿ ಅಭಿಮನ್ಯುವಿನ ಚಕ್ರವ್ಯೂಹವನ್ನು ಶಿಲ್ಪಿಗಳು ಇಂಥದೇ ಸುರುಳಿಯಾಗಿ ಕಡೆದಿರುವುದನ್ನು ನೋಡಿದವರಿಗೆ ಆ ಆಕಾರ ಹೊಸದೇನಲ್ಲ.

ಬೋಸ್ನಿಯಾದ ಲ್ಯೂಟ್ ವಾದಕ ಎಡಿನ್ ಕರಮಜೋವ್ ಜೊತೆಗಾರನಾದ. ಸ್ಟಿಂಗ್ ಕೂಡ ಕೆಲವೆಡೆ ಲ್ಯೂಟಿನ ದೊಡ್ಡ ತಮ್ಮನಾದ ಆರ್ಚ್‌ಲ್ಯೂಟ್ ಹಿಡಿದಿದ್ದಾನೆ. ಆತನ ವಾದ ಸರಳವಾದದ್ದು: ತಂತಿವಾದ್ಯ ಹಿಡಿದು ತನ್ನ ನೋವನ್ನು ತಾನೇ ಹಾಡು ಕಟ್ಟಿ ಹೇಳಿದ ಡೌಲಂಡ್ ಇಂದಿನ ಹಾಡುಗಾರ ಕವಿಗಳ ಪೂರ್ವಜ, ತಾನು ಅದೇ ವಂಶದವನು. ಈ ವಾದವನ್ನು ಪೂರ್ತಿ ಒಪ್ಪುವುದು ಕಷ್ಟ. ಸಾಹಿತ್ಯ ಡೌಲಂಡನದೇ ಎಂದು ಹೇಳಲು ಬರುವ ಹಾಡುಗಳು ಕಡಿಮೆ. ಬಹುಪಾಲು ಹಾಡುಗಳಿಗೆ ಕವಿಯ ಹೆಸರೇ ಇಲ್ಲ. ಆದರೆ ಕಂಠದ ವಿಷಯದಲ್ಲಿ ಸ್ಟಿಂಗ್ ಹೇಳುವುದರಲ್ಲಿ ಹುರುಳಿದೆ. ದೊಡ್ಡ ರಂಗಮಂದಿರವನ್ನು ತುಂಬಬಲ್ಲ ಒಪೆರಾ ಕಂಠ ರೂಢಿಗೆ ಬಂದದ್ದು ಡೌಲಂಡನ ಕಾಲವಾದ ಮೇಲೆ. ಮೇಜಿನ ಸುತ್ತ ಕೂತು ಹಾಡಿದ ವರ್ತಕನಿಗೋ ವಕೀಲನಿಗೋ ಅಂಥ ಗಂಟಲು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಮೈಕ್ರೋಫೋನಿನ ಮುಂದೆ ಮೆಲ್ಲಗೆ ಹಾಡುವ ಪಾಪ್ ಗಾಯಕನ ಕಲೆ ಲ್ಯೂಟಿನ ಪಿಸುಮಾತಿಗೆ ಒಪೆರಾ ಕಂಠಕ್ಕಿಂತ ಚೆನ್ನಾಗಿ ಹೊಂದುತ್ತದೆ.

ಹಾಗೆಂದು ಮುದ್ರಿಕೆಯಲ್ಲಿ ಕುಂದಿಲ್ಲವೆಂದಲ್ಲ. ಕೆಲವು ಹಾಡುಗಳಲ್ಲಿ ಸ್ಟಿಂಗ್ ತನ್ನ ದನಿಯನ್ನೇ ಒಂದರ ಮೇಲೊಂದು ಮುದ್ರಿಸಿ ನಾಲ್ಕೂ ಕಂಠಗಳನ್ನು ತಾನೇ ಹಾಡಿದ್ದಾನೆ. ಆ ನಾಲ್ಕು ಜನರ ಪುಸ್ತಕದ ಮುಂದೆ ಒಬ್ಬನೇ ನಾಲ್ಕು ಕುರ್ಚಿಗಳಲ್ಲಿ ಕೂತಂತೆ! ಸ್ಟುಡಿಯೋದ ಮಾರ್ದನಿ ಅತಿಯಾದ ಕಡೆ ಮನೆಯ ಕೋಣೆ ಮಾಯವಾಗಿ ಗುಹೆಯೊಳಗೆ ಕೂತಂತಾಗುತ್ತದೆ. ಉದ್ದನೆಯ ಸ್ವರಗಳಲ್ಲಿ ಉಸಿರು ಸಾಲದೆ ಹೋದದ್ದು ಕಿವಿಗೆ ತಿಳಿಯುತ್ತದೆ. ಇಂಥ ಪ್ರಯೋಗ ಇದೇ ಮೊದಲೂ ಅಲ್ಲ. 1999ರಲ್ಲೇ ಗಾಯಕ ಜಾನ್ ಪಾಟರ್ ಜಾಜ್ ಸ್ಯಾಕ್ಸಫೋನ್ ವಾದಕ ಜಾನ್ ಸರ್ಮನ್‌ನನ್ನು ಕೂಡಿಸಿಕೊಂಡು ಡೌಲಂಡನ ಹಾಡುಗಳನ್ನು ಮುದ್ರಿಸಿದ್ದ. ಸಂಗೀತದ ದೃಷ್ಟಿಯಿಂದ ಅದು ಹೆಚ್ಚು ದಿಟ್ಟ ಪ್ರಯತ್ನ. ಆದರೆ ಅದನ್ನು ಕೇಳಿದ್ದು ಬಲ್ಲವರು ಮಾತ್ರ. ಸ್ಟಿಂಗ್‌ನಿಂದಾಗಿ ಡೌಲಂಡನ ಹೆಸರನ್ನು ಮೊದಲ ಬಾರಿ ಕೇಳಿದವರು ಅಸಂಖ್ಯ.

ಮುದ್ರಿಕೆಯ ಕೊನೆಯಲ್ಲಿರುವುದು ‘ಇನ್ ಡಾರ್ಕ್‌ನೆಸ್ ಲೆಟ್ ಮಿ ಡ್ವೆಲ್’. ಡೌಲಂಡನ ಮಗ ರಾಬರ್ಟ್ 1610ರಲ್ಲಿ ಪ್ರಕಟಿಸಿದ ಸಂಕಲನದಲ್ಲಿ ಬಂದ ಹಾಡು. ತಂದೆಯ ಮರಣಾನಂತರ ಆಸ್ಥಾನದ ಜಾಗ ಸಿಕ್ಕಿದ್ದೂ ಈ ಮಗನಿಗೇ. ಕತ್ತಲೆಯಲ್ಲೇ ಇರಲು ಬಿಡಿ ಎಂದು ಬೇಡುವ ಆ ಹಾಡಿನಲ್ಲಿ ಸ್ವರಗಳು ಒಂದಕ್ಕೊಂದು ತಾಕಿ ಕರ್ಕಶವಾಗುತ್ತವೆ, ಲಯ ಮುಗ್ಗರಿಸುತ್ತದೆ. ಕಡೆಗೆ ಮೊದಲ ಸಾಲು ಮರಳಿ ಬರುತ್ತದೆ. ಆ ಕಾಲದ ಹಾಡುಗಳು ಮುಗಿಯಬೇಕಾದಂತೆ ಅದು ಮುಗಿಯುವುದಿಲ್ಲ. ಲ್ಯೂಟ್ ಮೊದಲೇ ಸುಮ್ಮನಾಗುತ್ತದೆ, ಕಂಠವೊಂದೇ ಗಾಳಿಯಲ್ಲಿ ನಿಂತು, ಅಲ್ಲೇ ಕಡಿದುಹೋಗುತ್ತದೆ. ಸ್ಟಿಂಗ್ ಅದನ್ನು ಹಾಗೆಯೇ ಬಿಟ್ಟಿದ್ದಾನೆ.